ಮನೆಮಂದಿಯೆಲ್ಲ ಒಂದು ತಿಂಗಳು: ಹಾಸನ, ಚಿಕ್ಕಮಗಳೂರಿನಲ್ಲಿ ತಂಗಲು ಜಾಗ ಹುಡುಕಿ ಗೊತ್ತುಮಾಡುವುದು ಹೇಗೆ?

ಎರಡು ದಿನದ ಟ್ರಿಪ್ಪಿಗೆ ರೂಮು ಹುಡುಕುವುದೇ ಬೇರೆ, ಅಜ್ಜ-ಅಜ್ಜಿ, ಮಕ್ಕಳು, ಆಫೀಸಿನ ಲ್ಯಾಪ್‌ಟಾಪು ಎಲ್ಲ ಕಟ್ಟಿಕೊಂಡು ಮೂರು ವಾರವೋ ತಿಂಗಳೋ ಇರಲು ಜಾಗ ಹುಡುಕುವುದೇ ಬೇರೆ. ಮೊದಲನೆಯದಕ್ಕೆ ಕಿಟಕಿಯಾಚೆ ಬೆಟ್ಟ ಕಂಡರೆ ಸಾಕು. ಎರಡನೆಯದಕ್ಕೆ ರಾತ್ರಿ ಹನ್ನೊಂದಕ್ಕೆ ಮಗುವಿನ ಹಾಲು ಬಿಸಿ ಮಾಡಲು ಒಲೆ ಬೇಕು, ಮಂಡಿನೋವಿನ ಅಜ್ಜಿಗೆ ಕಮೋಡು ಬೇಕು, ಒಗೆದ ಬಟ್ಟೆ ಒಣಗಿಸಲು ಸೂರು ಬೇಕು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹೋಮ್‌ಸ್ಟೇಗಳಿಗೇನೂ ಬರವಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ನಡೆಯುತ್ತಿರುವುದು ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಭಾನುವಾರ ವಾಪಸ್ ಹೋಗುವವರನ್ನು ನಂಬಿಕೊಂಡು. ದರ, ಊಟದ ಹೊತ್ತು, ಕ್ಯಾಂಪ್‌ಫೈರು ಎಲ್ಲವೂ ಅವರ ಲೆಕ್ಕಕ್ಕೇ ಕೂತಿವೆ. ಆದ್ದರಿಂದ ಆನ್‌ಲೈನಿನಲ್ಲಿ ಎರಡೇ ರಾತ್ರಿ ಬುಕ್ ಮಾಡಿ, ತಿಂಗಳ ಮಾತನ್ನು ಮಾಲೀಕರ ಜಗಲಿಯ ಮೇಲೆ ಕೂತು ಆಡಿ ಎನ್ನುವವನು ನಾನು. ಮುಂದೆ ಬರೆದಿರುವುದೆಲ್ಲ ಆ ಜಗಲಿಯವರೆಗೆ ತಲುಪುವ ದಾರಿ, ಅಲ್ಲಿ ಕೇಳಬೇಕಾದ ಪ್ರಶ್ನೆಗಳು.

ಮೊದಲು ತಿಂಗಳು ಗೊತ್ತುಮಾಡಿ, ಆಮೇಲೆ ಊರು

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಒಂದೇ ಜಿಲ್ಲೆಯೊಳಗೆ ಎರಡು ಲೋಕಗಳಿರುತ್ತವೆ. ಕಡೂರು, ಅರಸೀಕೆರೆ ಬಯಲುಸೀಮೆ. ಅಲ್ಲಿ ಮೋಡ ಬಂದು ಹೋಗುತ್ತದೆ ಅಷ್ಟೆ. ಕೊಟ್ಟಿಗೆಹಾರ, ಶೃಂಗೇರಿ, ಸಕಲೇಶಪುರದ ಪಶ್ಚಿಮ ಭಾಗದಲ್ಲಿ ಹಗಲೂ ರಾತ್ರಿ ಜಡಿಮಳೆ. ಹಾಸನ, ಬೇಲೂರು, ಚಿಕ್ಕಮಗಳೂರು ಪಟ್ಟಣಗಳು ಇವೆರಡರ ನಡುವೆ. ಮಳೆ ನೋಡಲೆಂದೇ ಬರುವವರು ನಾಲ್ಕು ದಿನ ಕೊಟ್ಟಿಗೆಹಾರದ ಕಡೆ ಇದ್ದು, ಉಳಿದ ದಿನಗಳಿಗೆ ಬೇಲೂರಿನಂಥ ಕಡೆ ನೆಲೆ ಮಾಡಿಕೊಳ್ಳುವುದು ಒಳ್ಳೆಯದು. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದು ಈಗ ಮಾಮೂಲಾಗಿದೆ. ಮಂಗಳೂರಿನಿಂದ ಯಾರಾದರೂ ಬಂದು ಸೇರಿಕೊಳ್ಳುವ ಯೋಜನೆಯಿದ್ದರೆ ಅದಕ್ಕೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ನವೆಂಬರ್‌ನಿಂದ ಜನವರಿವರೆಗೆ ಹವೆ ಚೆಂದ. ಆದರೆ ಅದು ಅರೇಬಿಕಾ ಹಣ್ಣು ಕೊಯ್ಯುವ ಕಾಲ. ರೊಬಸ್ಟಾ ಕೊಯ್ಲು ಅದರ ಬೆನ್ನಿಗೇ ಬರುತ್ತದೆ. ತೋಟದ ಮಾಲೀಕರಿಗೆ ಆಗ ಆಳುಗಳದ್ದೇ ಚಿಂತೆ. ಕಣದ ತುಂಬ ಕಾಫಿ ಹರಡಿರುತ್ತದೆ, ಮಕ್ಕಳು ಅಲ್ಲಿ ಚೆಂಡು ಆಡುವ ಹಾಗಿಲ್ಲ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಹತ್ತಿರವಿದ್ದರೆ ಹುಳಿ ವಾಸನೆ ಬೇರೆ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಬಿದ್ದು, ಕಾಫಿ ಹೂ ಅರಳಿ ತೋಟ ಬೆಳ್ಳಗಾಗುವ ದಿನಗಳು ಇಡೀ ವರ್ಷದಲ್ಲೇ ಚಂದ. ಆದರೆ ಆ ದಿನ ಯಾವುದೆಂದು ಯಾರೂ ಮೊದಲೇ ಹೇಳಲಾರರು. ತಿಂಗಳುಗಟ್ಟಲೆ ಇರುವವರಿಗೆ ಮಾತ್ರ ಸಿಗುವ ಅದೃಷ್ಟ ಅದು.

ದಿನಾಂಕ ಗಟ್ಟಿಮಾಡುವ ಮುನ್ನ ಕ್ಯಾಲೆಂಡರಿನಲ್ಲಿ ಮೂರು ಜಾಗ ನೋಡಿ. ಹಾಸನಾಂಬೆಯ ಬಾಗಿಲು ಆಶ್ವೀಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆದು ಬಲಿಪಾಡ್ಯಮಿಯ ಮರುದಿನ ಮುಚ್ಚುತ್ತದೆ. ಆ ದಿನಗಳಲ್ಲಿ ಹಾಸನ ಪಟ್ಟಣದಲ್ಲಿ ಲಾಡ್ಜು ಸಿಗುವುದು ಕಷ್ಟ, ಸಿಕ್ಕರೂ ದರ ಕೇಳಬಾರದು. ಡಿಸೆಂಬರ್‌ನ ದತ್ತ ಜಯಂತಿಯ ಹೊತ್ತಿಗೆ ಬಾಬಾಬುಡನ್‌ಗಿರಿ ಕಡೆ ಪ್ರವಾಸಿಗರನ್ನು ಕೆಲವು ದಿನ ಬಿಡುವುದಿಲ್ಲ. ಶೃಂಗೇರಿಯಲ್ಲಿ ನವರಾತ್ರಿ ಸಮಯದಲ್ಲಿ ಜಾಗ ಕೇಳುವುದೇ ಬೇಡ. ಇನ್ನು ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ. ಕಳೆದದ್ದು 2018ರಲ್ಲಿ ಆಯಿತು, ಆ ಲೆಕ್ಕಕ್ಕೆ ಮುಂದಿನದು 2030.

ನೆಲೆ ಎಲ್ಲಿ?

ತಿಂಗಳಿಡೀ ದಿನಕ್ಕೊಂದು ಊರಿನಲ್ಲಿ ಮಲಗುವ ಕುಟುಂಬ ಹತ್ತನೇ ದಿನಕ್ಕೆ ಜಗಳ ಶುರುಮಾಡುತ್ತದೆ. ಎರಡು ನೆಲೆ ಸಾಕು: ಒಂದು ಪಟ್ಟಣದ್ದು, ಒಂದು ತೋಟದ್ದು.

ಪಟ್ಟಣದ ನೆಲೆಗೆ ಹಾಸನ ನನ್ನ ಮೊದಲ ಆಯ್ಕೆ. ನೋಡಲು ಚೆಂದದ ಊರೆಂದು ಅಲ್ಲ. ಬೇಲೂರು ಸುಮಾರು 40 ಕಿಲೋಮೀಟರ್, ಹಳೇಬೀಡು 30, ಸಕಲೇಶಪುರ 40, ಶ್ರವಣಬೆಳಗೊಳ 50. ಯಾವ ದಿಕ್ಕಿಗೆ ಹೋದರೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಬೆಂಗಳೂರಿಗೂ ಮಂಗಳೂರಿಗೂ ರೈಲಿದೆ. ವೈದ್ಯಕೀಯ ಕಾಲೇಜಿನ ದೊಡ್ಡ ಸರ್ಕಾರಿ ಆಸ್ಪತ್ರೆ ಊರೊಳಗೇ ಇದೆ, ಹಿರಿಯರು ಜೊತೆಗಿದ್ದರೆ ಇದು ಸಣ್ಣ ಮಾತಲ್ಲ. ಗುಡ್ಡವೇ ಬೇಕೆನ್ನುವವರಿಗೆ ಚಿಕ್ಕಮಗಳೂರು ಪಟ್ಟಣ. ಬೇಲೂರು ಅಲ್ಲಿಂದ 25 ಕಿಲೋಮೀಟರ್ ಮಾತ್ರ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ತಲೆಯ ಮೇಲೇ ಇದೆ. ಆದರೆ ಗಿರಿಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತ ಮಿತಿ ಹಾಕಿ ಆನ್‌ಲೈನ್ ನೋಂದಣಿ ಮಾಡಿರುವುದರಿಂದ, ಬೆಳಿಗ್ಗೆ ಎದ್ದು ಮನಸ್ಸು ಬಂದ ಹಾಗೆ ಹೊರಡುವುದು ಈಗ ಆಗದ ಮಾತು. ಬೇಲೂರು ಮಧ್ಯದಲ್ಲಿದೆ, ಸಣ್ಣದು, ಅಗ್ಗ. 2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಹಗಲು ಜನ ಜಾಸ್ತಿ. ಆದರೆ ಬಂದವರಲ್ಲಿ ಹೆಚ್ಚಿನವರು ರಾತ್ರಿ ಉಳಿಯುವುದಿಲ್ಲ.

ತೋಟದ ನೆಲೆಗೆ ಸಕಲೇಶಪುರ, ಮೂಡಿಗೆರೆ, ಆಲ್ದೂರು, ಕಳಸ ಕಡೆ ನೋಡಿ. ಇಲ್ಲಿ ಲೆಕ್ಕಕ್ಕೆ ಬರುವುದು ಕಿಲೋಮೀಟರ್ ಅಲ್ಲ, ಡಾಂಬರು ರಸ್ತೆ ಮುಗಿದ ಮೇಲಿನ ದಾರಿ. "ಮೇನ್ ರೋಡಿಂದ ಬರೀ ಮೂರು ಕಿಲೋಮೀಟ್ರು" ಅಂದರೆ ಅದು ಜೀಪಿನ ಮೂರೋ, ನಿಮ್ಮ ಕಾರಿನ ಮೂರೋ ಎಂದು ಕೇಳಿ.

ಯಾವ ಬಗೆಯ ಜಾಗ?

ಮಠ, ದೇವಸ್ಥಾನಗಳ ವಸತಿಗೃಹಗಳು ಶೃಂಗೇರಿ, ಹೊರನಾಡು, ಶ್ರವಣಬೆಳಗೊಳದಲ್ಲಿ ಅಚ್ಚುಕಟ್ಟಾಗಿವೆ, ಅಗ್ಗವೂ ಹೌದು. ಆದರೆ ಅವು ಯಾತ್ರಿಕರಿಗೆ. ಒಂದೆರಡು ರಾತ್ರಿಗೆ ಸರಿ, ವಾರಗಟ್ಟಲೆ ಕೇಳಬೇಡಿ. ಬೇಲೂರಿನ ಮಯೂರ ವೇಲಾಪುರಿ, ಹಳೇಬೀಡಿನ ಮಯೂರ ಶಾಂತಲಾ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲುಗಳು. ದೇವಸ್ಥಾನಕ್ಕೆ ನಡೆದು ಹೋಗಬಹುದು, ಅಡುಗೆಮನೆ ಇರದು. ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ಅತಿಥಿಗೃಹಗಳಿವೆ. ಎರಡು ರಾತ್ರಿಯ ಬದಲಾವಣೆಗೆ ಹೋಗಿ ಬನ್ನಿ.

ದೀರ್ಘ ವಾಸಕ್ಕೆ ನಿಜವಾಗಿ ಉಳಿಯುವುದು ಎರಡೇ. ಒಂದು, ಅಡುಗೆಮನೆ ಇರುವ ಸರ್ವೀಸ್ ಅಪಾರ್ಟ್‌ಮೆಂಟ್ ಅಥವಾ ಫರ್ನಿಶ್ಡ್ ಮನೆ. ಇನ್ನೊಂದು, ತೋಟದೊಳಗಿನ ಬಿಡಿ ಮನೆ. ಮಕ್ಕಳು ಊರು ಬಿಟ್ಟು ಹೋಗಿ ಖಾಲಿ ಬಿದ್ದಿರುವ ಹಳೆಯ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಅವು ಯಾವ ಆ್ಯಪ್‌ನಲ್ಲೂ ಇಲ್ಲ.

ಹುಡುಕುವುದು

ಆ್ಯಪ್‌ಗಳಿಂದ ಶುರುಮಾಡಿದರೆ ತಪ್ಪೇನಿಲ್ಲ. ಏರ್‌ಬಿಎನ್‌ಬಿಯಲ್ಲಿ 7 ರಾತ್ರಿಗೆ ವಾರದ ರಿಯಾಯಿತಿ, 28 ರಾತ್ರಿಗೆ ತಿಂಗಳ ರಿಯಾಯಿತಿ ಇಡಲು ಮಾಲೀಕರಿಗೆ ಅವಕಾಶವಿದೆ. 26 ರಾತ್ರಿ ಎಂದು ಹುಡುಕಿದ್ದನ್ನು 28 ಮಾಡಿ ನೋಡಿ. ರಿಯಾಯಿತಿ ದೊಡ್ಡದಾಗಿದ್ದರೆ ಒಟ್ಟು ಮೊತ್ತವೇ ಇಳಿಯುವುದುಂಟು. ಆದರೆ 28 ಮುಟ್ಟಿದೊಡನೆ ರದ್ದತಿಯ ನಿಯಮವೂ ಬಿಗಿಯಾಗುತ್ತದೆ, ಕೊನೆ ಗಳಿಗೆಯಲ್ಲಿ ಬಿಟ್ಟರೆ ತಿಂಗಳ ದುಡ್ಡು ಹೋದೀತು. ಅದನ್ನು ಓದಿಯೇ ಒತ್ತಿ.

ವಿಮರ್ಶೆ ಓದುವಾಗ ಐದು ನಕ್ಷತ್ರ ಕೊಟ್ಟವರನ್ನು ಬಿಡಿ. "ಮಕ್ಕಳೊಂದಿಗೆ", "ಮಳೆ", "ಕರೆಂಟು", "ನೆಟ್‌ವರ್ಕ್" ಈ ಮಾತುಗಳಿರುವುದನ್ನು ಹುಡುಕಿ ಓದಿ. ಫೋಟೋದಲ್ಲಿ ಬಚ್ಚಲುಮನೆ ಇಲ್ಲದಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಆಮೇಲೆ ಆ್ಯಪ್ ಮುಚ್ಚಿ ಜನರನ್ನು ಕೇಳಿ. ಹಾಸನದಲ್ಲಿ ಸಾಲಗಾಮೆ ರಸ್ತೆ, ವಿದ್ಯಾನಗರ, ಕೆ.ಆರ್. ಪುರಂ, ಚಿಕ್ಕಮಗಳೂರಿನಲ್ಲಿ ಜಯನಗರ, ವಿಜಯಪುರ, ಹಿರೇಮಗಳೂರು ಸುತ್ತಮುತ್ತ 'ಮನೆ ಬಾಡಿಗೆಗಿದೆ' ಬೋರ್ಡು ನೋಡುತ್ತ ಒಂದು ಬೆಳಿಗ್ಗೆ ತಿರುಗಿದರೆ ನಾಲ್ಕಾರು ನಂಬರು ಸಿಗುತ್ತವೆ. ಕಾಲೇಜು ಶುರುವಾಗುವ ದಿನಗಳಲ್ಲಿ ಮಾತ್ರ ಈ ಕಡೆ ಮನೆಗಳಿಗೆ ಎಳೆದಾಟ. ತೋಟದ ಮನೆ ಬೇಕಿದ್ದರೆ ಎಸ್ಟೇಟಿನ ಲೆಕ್ಕ ನೋಡುವ ರೈಟರು, ಗೊಬ್ಬರದ ಅಂಗಡಿಯವರು, ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸೇರುವ ಜನ, ಇವರಿಗಿಂತ ಒಳ್ಳೆಯ ಬ್ರೋಕರ್ ಇಲ್ಲ. ಯಾವ ಗೌಡರ ಹಳೇ ಮನೆ ಖಾಲಿಯಿದೆ, ಯಾರ ಮನೆಯ ಬಾವಿ ಏಪ್ರಿಲ್‌ನಲ್ಲಿ ಬತ್ತುತ್ತದೆ, ಎರಡೂ ಅವರಿಗೆ ಗೊತ್ತು.

ಫೋನಿನಲ್ಲಿ ಕೇಳಬೇಕಾದ್ದು

ವಾಟ್ಸಾಪ್‌ನಲ್ಲಿ ರೇಟ್ ಕಾರ್ಡು ತರಿಸಿಕೊಂಡರೆ ವಾರಾಂತ್ಯದ ದರವೇ ಬರುತ್ತದೆ. ಫೋನ್ ಮಾಡಿ. ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

"ನಮಸ್ಕಾರ ಸಾರ್. ನಾವು ಆರು ಜನ, ಅದ್ರಲ್ಲಿ ಇಬ್ರು ಮಕ್ಳು. ಮೂರು ವಾರ ಇರೋ ಯೋಚನೆ ಇದೆ."

"ಮೂರು ವಾರನಾ? ಅಷ್ಟು ದಿನ ಇದ್ದು ಏನ್ ಮಾಡ್ತೀರಿ ಸಾರ್?"

ಇದು ಕುಹಕವಲ್ಲ, ನಿಜವಾದ ಅನುಮಾನ. ಮನೆಯಿಂದಲೇ ಕೆಲಸ, ಅಪ್ಪ-ಅಮ್ಮನಿಗೆ ಹವೆ ಬದಲಾವಣೆ, ಮಕ್ಕಳಿಗೆ ರಜೆ ಎಂದು ನೇರವಾಗಿ ಹೇಳಿ. ನಿಮ್ಮ ಊರು, ಕೆಲಸ ಹೇಳಿ. ಎರಡು ಮಾತು ಮುಗಿಯುವಷ್ಟರಲ್ಲಿ ಇಬ್ಬರಿಗೂ ಗೊತ್ತಿರುವ ಒಬ್ಬ ಮನುಷ್ಯ ಹೊರಬರುತ್ತಾನೆ, ಆಮೇಲೆ ಕೆಲಸ ಸಲೀಸು. "ಮೊದ್ಲು ಎರಡು ದಿನ ಬಂದಿದ್ದು ನೋಡ್ತೀವಿ, ಹಿಡಿಸಿದ್ರೆ ಮುಂದುವರಿಸ್ತೀವಿ, ರೇಟು ಆಗ ಮಾತಾಡೋಣ" ಎಂದು ಅಲ್ಲೇ ಹೇಳಿಬಿಡಿ.

ಇನ್ನು ಪ್ರಶ್ನೆಗಳು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು: ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಜುಲೈನಲ್ಲಿ ಮೂಡಿಗೆರೆ ಕಡೆ ಹಗ್ಗಕ್ಕೆ ಹಾಕಿದ ಜೀನ್ಸು ನಾಲ್ಕನೇ ದಿನವೂ ತೊಟ್ಟಿಕ್ಕದಿದ್ದರೂ ತಣ್ಣಗೇ ಇರುತ್ತದೆ, ಮುಗ್ಗುಲು ನಾತ ಹಿಡಿಯುತ್ತದೆ. ಹಳೇ ಮನೆಗಳಲ್ಲಿ ಬಚ್ಚಲ ಒಲೆಯ ಮೇಲ್ಗಡೆ ಬಟ್ಟೆ ಹರಡುವ ಗಳ ಕಟ್ಟಿರುತ್ತಾರೆ. ರಾತ್ರಿ ಹರಡಿದರೆ ಬೆಳಿಗ್ಗೆ ಹೊಗೆ ವಾಸನೆಯೊಂದಿಗೆ ಬಟ್ಟೆ ಗರಿಗರಿ. ಹೊಸದಾಗಿ ಕಟ್ಟಿದ ಗಾಜಿನ ಕಾಟೇಜುಗಳಲ್ಲಿ ಅದೂ ಇಲ್ಲ, ಡ್ರೈಯರೂ ಇಲ್ಲ. ಈ ಪ್ರಶ್ನೆಗೆ ತಟ್ಟನೆ ಉತ್ತರ ಬಂದರೆ ಆ ಮನೆಯಲ್ಲಿ ನಿಜಕ್ಕೂ ಜನ ವಾಸವಿದ್ದಾರೆ ಎಂದು ಅರ್ಥ.

ಬಿಸಿನೀರು ಸೋಲಾರೋ, ಗೀಸರೋ, ಹಂಡೆಯೋ? ಸೋಲಾರ್ ಮಳೆಗಾಲದಲ್ಲಿ ದಂಡ. ಹಂಡೆಯಾದರೆ ಒಲೆ ಎಷ್ಟು ಹೊತ್ತಿಗೆ ಹಚ್ಚುತ್ತಾರೆ, ಆರು ಜನರ ಸ್ನಾನಕ್ಕೆ ಸಾಲುತ್ತದೆಯೇ? ಕರೆಂಟು ಹೋದರೆ ಇನ್ವರ್ಟರ್ ಎಷ್ಟು ತಾಸು ಎಳೆಯುತ್ತದೆ, ವೈಫೈ ಪೆಟ್ಟಿಗೆ ಅದಕ್ಕೆ ಸೇರಿದೆಯೇ? ಮಲೆನಾಡಿನಲ್ಲಿ ಮರ ಬಿದ್ದು ಲೈನು ಹರಿದರೆ ಎರಡು ದಿನ ಕತ್ತಲೆ ಎನ್ನುವುದು ಅಪರೂಪವಲ್ಲ. ಯಾವ ಸಿಮ್ ಹಿಡಿಯುತ್ತದೆ, ಅದೂ ಮನೆಯೊಳಗೋ ಅಂಗಳದ ಮೂಲೆಯಲ್ಲೋ? ಆಫೀಸು ಕೆಲಸವಿದ್ದರೆ, ನೀವು ಕೂರಬೇಕಾದ ಕೋಣೆಯಿಂದಲೇ ವೀಡಿಯೊ ಕಾಲ್ ಮಾಡಿಸಿ. ಮಾತು ಕಡಿಯದೆ ಬಂದರೆ ಸರಿ.

ಆನೆಯ ವಿಷಯವನ್ನು ಮುಜುಗರವಿಲ್ಲದೆ ಕೇಳಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತೋಟಗಳಲ್ಲಿ ಕಾಡಾನೆ ಓಡಾಟ ನಿತ್ಯದ ಮಾತು. ಆನೆ ಇದೆಯೆಂದು ಜಾಗ ಬಿಡಬೇಕಿಲ್ಲ. ಆದರೆ ನಸುಕಿನಲ್ಲಿ, ಕತ್ತಲಾದ ಮೇಲೆ ತೋಟದೊಳಗೆ ವಾಕಿಂಗ್ ಇಲ್ಲವೆಂದು ಮಕ್ಕಳಿಗೆ ಮೊದಲ ದಿನವೇ ಹೇಳಿರಬೇಕು. "ಏನೂ ಇಲ್ಲ ಸಾರ್, ಆರಾಮಾಗಿ ಓಡಾಡಿ" ಎನ್ನುವವರಿಗಿಂತ "ಈ ವಾರ ಮೇಲಿನ ಬ್ಲಾಕಲ್ಲಿದೆ" ಎನ್ನುವವರನ್ನು ನಂಬಿ. ಮಳೆಗಾಲದ ಇಂಬಳಕ್ಕೆ (ಜಿಗಣೆ) ಉಪ್ಪು, ಸುಣ್ಣ ಸಾಕು. ಡಿಸೆಂಬರ್‌ನಿಂದ ಮೇವರೆಗೆ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯ ಕಾಡಂಚಿನ ಮನೆಯಾದರೆ, ಈ ವರ್ಷ ಮಂಗನ ಕಾಯಿಲೆ ಕಾಣಿಸಿದೆಯೇ ಎಂದು ಆ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಉಣುಗಿನಿಂದ ಬರುವ ಜ್ವರ ಅದು. ಮಕ್ಕಳನ್ನು ದರಗಿನ ಮೇಲೆ ಆಡಲು ಬಿಡಬೇಡಿ.

ದರದ ಲೆಕ್ಕ

ಹೋಮ್‌ಸ್ಟೇಯವರು ಹೇಳುವುದು ತಲೆಗಿಷ್ಟು ಎಂದು, ಊಟ ಸೇರಿಸಿ. ತಲೆಗೆ 1,800, ಮಕ್ಕಳಿಗೆ ಅರ್ಧ ಎಂದಿಟ್ಟುಕೊಳ್ಳಿ. ನಾಲ್ವರು ದೊಡ್ಡವರು, ಇಬ್ಬರು ಮಕ್ಕಳು: ದಿನಕ್ಕೆ 9,000 ರೂಪಾಯಿ. 25 ದಿನಕ್ಕೆ 2,25,000. ಇದನ್ನು ನೋಡಿ ಗಾಬರಿಯಾಗಿ 'ಹತ್ತು ಪರ್ಸೆಂಟ್ ಬಿಡಿ' ಎಂದು ಚೌಕಾಸಿಗೆ ಇಳಿಯಬೇಡಿ, ಲೆಕ್ಕದ ರೀತಿಯನ್ನೇ ಬದಲಿಸಿ.

ತಲೆ ಲೆಕ್ಕ ಬಿಟ್ಟು ಮನೆ ಲೆಕ್ಕಕ್ಕೆ ಬನ್ನಿ: ಎರಡು ಕೋಣೆ, ಒಲೆ, ಪಾತ್ರೆ, ಇಷ್ಟಕ್ಕೆ ತಿಂಗಳಿಗೆ ಎಷ್ಟು? ಊಟ ಬೇಕಾದ ದಿನ ಹಿಂದಿನ ಸಂಜೆ ಹೇಳುತ್ತೇವೆ, ಅದಕ್ಕೆ ಬೇರೆ ಕೊಡುತ್ತೇವೆ. ದಿನಾ ಮೂರು ಹೊತ್ತು ಹೋಮ್‌ಸ್ಟೇ ಊಟ ಯಾರಿಗೂ ಆಗದು. ಕಡುಬು, ಅಕ್ಕಿರೊಟ್ಟಿ ಎಷ್ಟೇ ರುಚಿಯಾಗಿರಲಿ, ಎಂಟನೇ ದಿನ ಮಕ್ಕಳು ಮೊಸರನ್ನ ಕೇಳುತ್ತಾರೆ. ಮಾಂಸಾಹಾರ ಮಾಡಬಹುದೇ, ಅಥವಾ ನೀವು ಸಸ್ಯಾಹಾರಿಗಳಾದರೆ ಪಾತ್ರೆ ಬೇರೆ ಸಿಗುತ್ತದೆಯೇ ಎನ್ನುವುದನ್ನೂ ಈಗಲೇ ಬಾಯಿಬಿಟ್ಟು ಕೇಳಿ.

ಮಾಲೀಕರ ಅಂಜಿಕೆ ಏನೆಂದರೆ, ನೀವು ಜಾಗ ಹಿಡಿದು ಕೂತರೆ ಶನಿವಾರದ ಗಿರಾಕಿ ಹೋಗುತ್ತಾನೆ. ಇದಕ್ಕೊಂದು ಒಳ್ಳೆಯ ಉಪಾಯ: ವಾರಾಂತ್ಯ ನೀವೇ ಖಾಲಿ ಮಾಡಿ. ಸಾಮಾನು ಅವರ ಒಳಕೋಣೆಯಲ್ಲಿಟ್ಟು ಶುಕ್ರವಾರ ಹೊರಟು, ಗುಂಪು ಏರುವ ಗುಡ್ಡಗಳನ್ನು ಬಿಟ್ಟು ಬಯಲಿಗೆ ಇಳಿಯಿರಿ. ಶ್ರವಣಬೆಳಗೊಳ ಆಗಬಹುದು, ಹಾಸನದ ಹೋಟೆಲೂ ಆಗಬಹುದು. ಮದುವೆ ಮುಹೂರ್ತವಿಲ್ಲದ ವಾರಾಂತ್ಯ ಎಂದು ಮಾತ್ರ ನೋಡಿಕೊಳ್ಳಿ. ಭಾನುವಾರ ಸಂಜೆ ವಾಪಸ್. ಸೋಮವಾರದಿಂದ ಗುರುವಾರದವರೆಗೆ ಹೇಗೂ ಖಾಲಿಯಿರುವ ಮನೆಗೆ ಅವರು ಹೇಳುವ ದರ ಬೇರೆಯೇ ಇರುತ್ತದೆ.

ಬಿಲ್ಲು ಕೊಡುವ ಹೋಟೆಲಾದರೆ ತೆರಿಗೆ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. ಹಳೆಯ ಶೇ 12ರ ಲೆಕ್ಕ ಯಾರಾದರೂ ಹೇಳಿದರೆ ಬಿಲ್ಲನ್ನು ಇನ್ನೊಮ್ಮೆ ನೋಡಿ.

ಆ ಎರಡು ರಾತ್ರಿ

ಮೊದಲ ಎರಡು ರಾತ್ರಿಯನ್ನು ವಾರದ ಮಧ್ಯದಲ್ಲಿ ಇಟ್ಟುಕೊಳ್ಳಿ, ಹಿರಿಯರನ್ನೂ ಕರೆತನ್ನಿ. ಮಂಚದ ಎತ್ತರ, ಮೆಟ್ಟಿಲು, ಬಚ್ಚಲ ನೆಲದ ಜಾರು, ಇವನ್ನು ಅಜ್ಜಿಯೇ ನೋಡಿ ಹೇಳಬೇಕು. ಬೆಳಿಗ್ಗೆ ಎಂಟಕ್ಕೆ ಎಲ್ಲ ನಲ್ಲಿ ಒಟ್ಟಿಗೆ ತಿರುಗಿಸಿ. ಹಾಸಿಗೆ ಎತ್ತಿ ಅಡಿ ಮುಟ್ಟಿ ನೋಡಿ, ತೇವವಿದ್ದರೆ ಕೈಗೇ ಗೊತ್ತಾಗುತ್ತದೆ. ಹತ್ತಿರದ ಮೆಡಿಕಲ್ ಸ್ಟೋರಿಗೆ, ಆಸ್ಪತ್ರೆಗೆ ಒಮ್ಮೆ ಗಾಡಿ ಓಡಿಸಿ, ಎಷ್ಟು ನಿಮಿಷ ಎಂದು ನೋಡಿಟ್ಟುಕೊಳ್ಳಿ. ಸಂಜೆ ಆರರ ಮೇಲೆ ಬಸ್ಸಿದೆಯೇ ವಿಚಾರಿಸಿ. ಮನೆಯ ಹೆಂಗಸರಿಗೆ ಕರ್ನಾಟಕದ ಗುರುತಿನ ಚೀಟಿ ಇದ್ದರೆ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚೂ ಇಲ್ಲ.

ಎರಡನೇ ಸಂಜೆ ಕಾಫಿ ಬಂದಾಗ ತಿಂಗಳ ಮಾತು ತೆಗೆಯಿರಿ. ಆ್ಯಪ್ ಮೂಲಕ ಬಂದವರಾದರೆ ಮುಂದಿನ ದಿನಗಳನ್ನೂ ಅಲ್ಲೇ ವಿಶೇಷ ದರವಾಗಿ ಹಾಕಿಸಿ. ಆ್ಯಪ್‌ನಲ್ಲಿ ಸಿಕ್ಕ ಮನೆಗೆ ಹೊರಗಿನಿಂದ ದುಡ್ಡು ಕೊಟ್ಟರೆ ತಕರಾರು ಬಂದಾಗ ಕೇಳುವವರಿಲ್ಲ, ನಿಯಮಕ್ಕೂ ವಿರುದ್ಧ.

ಮುಂಗಡ, ಕಾಗದ

ನೋಡದ ಜಾಗಕ್ಕೆ ಎರಡು ರಾತ್ರಿಯ ಮುಂಗಡಕ್ಕಿಂತ ಒಂದು ರೂಪಾಯಿ ಹೆಚ್ಚು ಕಳಿಸಬೇಡಿ. ಯಾರದೋ ಹೋಮ್‌ಸ್ಟೇ ಫೋಟೋ ಹಾಕಿ ಇನ್‌ಸ್ಟಾಗ್ರಾಂ ಪೇಜು ಮಾಡಿ, ರಜೆಯ ಮುನ್ನ ಮುಂಗಡ ಎತ್ತಿ ಮಾಯವಾಗುವ ದಂಧೆ ಇದೆ. ಮಠಗಳ ವಸತಿಗೃಹದ ಹೆಸರಿನಲ್ಲೂ ನಕಲಿ ಸೈಟುಗಳು ಹುಟ್ಟುತ್ತವೆ. ಯುಪಿಐಯಲ್ಲಿ ಬರುವ ಹೆಸರು ಮಾಲೀಕರದೇ ಎಂದು ನೋಡಿ. ವೀಡಿಯೊ ಕಾಲ್‌ನಲ್ಲಿ ಮನೆ ಮಾತ್ರವಲ್ಲ, ಗೇಟಿನಾಚೆಯ ರಸ್ತೆಯನ್ನೂ ತೋರಿಸಲು ಹೇಳಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಮೋಸವಾಯಿತೆಂದು ಅನಿಸಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡಮಾಡಿದಷ್ಟೂ ಹಣ ವಾಪಸ್ ಬರುವುದು ಕಷ್ಟ.

ಒಪ್ಪಿದ್ದನ್ನು ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಬರೆದು ಕಳಿಸಿ, 'ಓಕೆ' ಬರಲಿ: ದಿನಾಂಕ, ಮೊತ್ತ, ಕರೆಂಟು ಬಿಲ್ಲು ಯಾರದು, ಗ್ಯಾಸು ಯಾರದು, ವಾರಾಂತ್ಯದ ಏರ್ಪಾಡು, ಬೇಗ ಬಿಟ್ಟರೆ ಎಷ್ಟು ವಾಪಸು, ನೆಂಟರು ಬಂದು ಒಂದು ರಾತ್ರಿ ಉಳಿದರೆ ಎಷ್ಟು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಮಲೆನಾಡಿನಲ್ಲಿ ಮನೆ ಹಿಡಿದಿದ್ದೀರಿ ಎಂದು ಗೊತ್ತಾದರೆ ನೆಂಟರು ಬರದೆ ಇರುವುದಿಲ್ಲ.

ಎಲ್ಲರ ಗುರುತಿನ ಚೀಟಿ ಕೇಳುತ್ತಾರೆ. ಆಧಾರ್ ಕೊಡುವುದಾದರೆ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ ಸಾಕು. ವಿದೇಶಿ ಪಾಸ್‌ಪೋರ್ಟಿನ ನೆಂಟರು ಜೊತೆಗಿದ್ದರೆ, ಮಾಲೀಕರು 24 ಗಂಟೆಯೊಳಗೆ ಅದಕ್ಕೆಂದೇ ಇರುವ ಫಾರ್ಮ್ ತುಂಬಿ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು. ಇದನ್ನು ಅರಿಯದ ಹೋಮ್‌ಸ್ಟೇಗಳಿವೆ. ಬುಕ್ ಮಾಡುವಾಗಲೇ ಹೇಳಿಬಿಡಿ.

ಬಾಡಿಗೆ ಮನೆಯಾದರೆ ಗ್ಯಾಸ್ ಕನೆಕ್ಷನ್ನಿಗೆ ತಲೆಕೆಡಿಸಿಕೊಳ್ಳಬೇಡಿ. ಗುರುತಿನ ಚೀಟಿ ತೋರಿಸಿ ಕೊಳ್ಳಬಹುದಾದ 5 ಕೆ.ಜಿ. ಸಿಲಿಂಡರು ಏಜೆನ್ಸಿಗಳಲ್ಲಿ ಸಿಗುತ್ತದೆ, ಜೊತೆಗೆ ಒಂದು ಇಂಡಕ್ಷನ್ ಒಲೆಯಿದ್ದರೆ ಆಯಿತು.

ಇರುವಾಗ, ಹೊರಡುವಾಗ

ಕೀಲಿ ಕೈಗೆ ಬಂದ ದಿನವೇ ಮೀಟರಿನ ರೀಡಿಂಗ್, ಒಡೆದ ಗಾಜು, ಗೋಡೆಯ ಕಲೆ, ಎಲ್ಲದರ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ. ಹಾಸನ ಜಿಲ್ಲೆಯಲ್ಲಿ ಕರೆಂಟು ಬಿಲ್ಲು ಸೆಸ್ಕ್ ಕಂಪನಿಯದು, ಚಿಕ್ಕಮಗಳೂರಿನಲ್ಲಿ ಮೆಸ್ಕಾಂನದು. ಎಲ್ಲಿಯಾದರೂ ತಿಂಗಳ ನಡುವೆ ಬಂದು ನಡುವೆ ಹೋಗುವ ನಿಮಗೆ ಅಚ್ಚಾದ ಬಿಲ್ಲು ಸಿಗುವುದಿಲ್ಲ, ಯೂನಿಟ್ ಲೆಕ್ಕವೇ ಗತಿ. ಯೂನಿಟ್ಟಿಗೆ ಎಷ್ಟು ಎಂದು ಮೊದಲೇ ಮಾತಾಡಿರಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿದ್ದ ಮನೆಗೆ ನಿಮ್ಮ ಗೀಸರಿನಿಂದ ದೊಡ್ಡ ಬಿಲ್ಲು ಬಂದರೆ ಮಾಲೀಕರ ಮುಖ ಸಪ್ಪಗಾಗುವುದು ಸಹಜ.

ಇನ್ನೊಂದು ವಾರ ಇರಬೇಕೆನಿಸಿದರೆ ಬುಧವಾರದೊಳಗೆ ಹೇಳಿ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನ ಫೋನುಗಳು ಶುರುವಾಗಿರುತ್ತವೆ. ಅಡುಗೆಗೆ, ಕಸಮುಸುರೆಗೆ ಬರುವ ಅಕ್ಕನಿಗೆ ಕೊಡುವ ದುಡ್ಡನ್ನು ಮಾಲೀಕರ ಲೆಕ್ಕಕ್ಕೆ ಸೇರಿಸದೆ ಅವರ ಕೈಗೇ ಕೊಡಿ. ಉಳಿದ ಬಾಕಿಯನ್ನು ಹೊರಡುವ ಬೆಳಿಗ್ಗೆಯ ಗಡಿಬಿಡಿಗೆ ಇಟ್ಟುಕೊಳ್ಳದೆ ಹಿಂದಿನ ರಾತ್ರಿಯೇ ಚುಕ್ತಾ ಮಾಡಿ, ಠೇವಣಿ ವಾಪಸ್ ಬಂತೆಂದು ಮೊಬೈಲಿನಲ್ಲಿ ನೋಡಿಕೊಂಡು, ಆಮೇಲೆ ಸಾಮಾನು ಕಟ್ಟಿ.